ಕುಂಬಾರ ಹುಳದ ಬಿಲ್ಲು

ನೀರಿನ ಸ್ಕೂಟರು ಅನ್ನುತ್ತಾನೆ ಕೆರಿಯಪ್ಪ.
ಮುರುಡೇಶ್ವರದಲ್ಲಿ ಯಾರೋ ಉಪ್ಪು ತಿನ್ನಿಸಿ ಬಿಟ್ಟದ್ದನ್ನು
ಟ್ರೇಲರಿನಲ್ಲಿ ಹುಲ್ಲು ಹಾಸಿ ಮಲಗಿಸಿ
ಗೇರುಸೊಪ್ಪೆ ಘಾಟಿ ಹತ್ತಿಸಿ ತಂದ.
ನನ್ನ ಮದುವೆಗಿಂತ ಹಳೆಯದು.

ನಾನು ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮೆಷಿನ್ನು,
ಮರ ಕೊಯ್ಯುವ ಗರಗಸ ರಿಪೇರಿ ಮಾಡುವವಳು.
ತಾಳಗುಪ್ಪದಲ್ಲಿ ರೈಲು ಮುಗಿದುಹೋಗುವ ಕಡೆ ಅಂಗಡಿ.
ಈಜು ಬಾರದು.
"ಎರಡು ಸ್ಟ್ರೋಕಿಂದೇ ಅಲ್ವ ರೆಜಿನಕ್ಕ, ಎಲ್ಲಾ ಒಂದೇ ಜಾತಿ."
ಜಾತಿ ಒಂದೇ. ಹಟ ಬೇರೆ.

ಕಾಯಿಲೆ ಇದು:
ಒಂದೇ ಒತ್ತಿಗೆ ಸ್ಟಾರ್ಟ್ ಆಗುತ್ತದೆ, ಗುಟುರು ಹಾಕುತ್ತದೆ,
ಹೊನ್ನೇಮರಡಿನ ದಡ ಬಿಟ್ಟು ಹತ್ತು ನಿಮಿಷಕ್ಕೆ
ಭಾಷಣದ ನಡುವೆ ಗಂಟಲೊಣಗಿದವರ ಹಾಗೆ
ಎರಡು ಸಲ ತೊದಲಿ
ನಿಂತುಬಿಡುತ್ತದೆ.
ಹೊಟ್ಟೆಯಲ್ಲಿ ಹದಿನೆಂಟು ಲೀಟರ್ ಇಟ್ಟುಕೊಂಡು
ಹಸಿದು ಸಾಯುತ್ತದೆ.

ಪ್ಲಗ್ಗು ಕಿತ್ತೆ. ನೀಲಿ ಕಿಡಿ, ತಪ್ಪಿಲ್ಲ.
ತೂತಿಗೆ ಹೆಬ್ಬೆರಳು ಒತ್ತಿದೆ, ಒದ್ದಿತು, ಸರಿ.
ಬೂದು ಪೈಪು ಸೀಳಿದರೆ ಒಳಗೆಲ್ಲ ಹಸಿರು ಅಂಟು,
ಬಣ್ಣ ಪಾಚಿಯದು, ಗುಣ ಹಲಸಿನ ಮೇಣದ್ದು.
ಎಲ್ಲ ಬಿಸಾಡಿ ಕಪ್ಪು ಪೈಪು ಹಾಕಿದೆ.
ಕಾರ್ಬುರೇಟರ್ ಎರಡೂ ಬಿಚ್ಚಿದೆ.
ಬಟಾಣಿಯಷ್ಟು ಜಾಲರಿ, ಅದರಲ್ಲೂ ಅದೇ ಹಸಿರು.
ಮುಬೀನಾ ಹಳೇ ಹಲ್ಲಿನ ಬ್ರಷ್ಷಿನಲ್ಲಿ ಉಜ್ಜಿ,
ಬ್ರೇಕ್ ಕೇಬಲ್ಲಿನ ಒಂದೆಳೆ ಜೆಟ್ಟಿಗೆ ತೂರಿಸಿ ತೆಗೆದು,
ಒಂದು ಕಣ್ಣು ಮುಚ್ಚಿ ಆಕಾಶಕ್ಕೆ ಹಿಡಿದಳು:
"ಅಕ್ಕ, ಸೂರ್ಯ ಕಾಣ್ತಾನೆ."

ಬಕೆಟ್ಟಿನ ನೀರು ಪೈಪಿನಲ್ಲಿ ಕೊಟ್ಟು,
ತೊಲೆಗೆ ಗ್ಲೂಕೋಸ್ ಬಾಟಲಿ ನೇತುಹಾಕಿ
(ಗಾಳಿ ಹೋಗಲೆಂದು ಅದರ ನೆತ್ತಿಗೆ ಸೂಜಿ ಚುಚ್ಚಿ)
ಪೆಟ್ರೋಲ್ ಇಳಿಸಿದರೆ
ಏನು ಚೆಂದ ಓಡಿತು!
ಪಕ್ಕದ ಹೋಟೆಲ್ಲಿನ ಶೇಷಾದ್ರಿ ಕಿವಿ ಮುಚ್ಚಿಕೊಂಡು ಬೈದ.
ಎರಡು ಸಾವಿರದ ಮುನ್ನೂರಕ್ಕೆ ಬಿಲ್ಲು ಬರೆದೆ.

ಮಾರನೇ ದಿನ ಮತ್ತೆ ಹತ್ತೇ ನಿಮಿಷ.
ಅದರ ಮಾರನೇ ದಿನವೂ.
ಟ್ಯಾಂಕಿನ ತಿರುಗಣೆ ಬದಲಿಸಿದೆ. ಹತ್ತು.
ಫಿಲ್ಟರ್ ಬದಲಿಸಿದೆ. ಹನ್ನೊಂದು, ಅದೂ ಕೆರಿಯಪ್ಪನ ವಾಚಿನಲ್ಲಿ.
ಕೊನೆಗೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು
ಶಿಲುಬೆ ಗುರುತು ಹಾಕಿಕೊಂಡು
ನಾನೇ ಅವನ ಹಿಂದೆ ಕೂತೆ.

ನಿಂತಿತು.
ಎಂಜಿನ್ ಸದ್ದು ಹೋದ ಮೇಲೆ ನೀರು ಎಷ್ಟು ದೊಡ್ಡದು.
ಸತ್ತ ಮರದ ಬೊಡ್ಡೆಯ ಮೇಲೆ ನೀರುಕಾಗೆಯೊಂದು
ರೆಕ್ಕೆ ಬಿಚ್ಚಿ ಒಣಗಿಸುತ್ತ ನಮ್ಮನ್ನೇ ನೋಡಿತು.
ಕೆರಿಯಪ್ಪ ನಿಶ್ಚಿಂತೆಯಿಂದ ಎಲೆ ಅಡಿಕೆ ತೆಗೆದ.
ನಾನು ಎಡಗೈಯಲ್ಲಿ ಅವನ ಅಂಗಿ ಹಿಡಿದೇ
ಮುಂದೆ ಬಾಗಿ, ಬಲಗೈಯಲ್ಲಿ
ಟ್ಯಾಂಕಿನ ಮುಚ್ಚಳ ತಿರುವಿದೆ,
ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣ ಅಂತ ಅಷ್ಟೇ.

ಸ್ಸ್ಸ್ ಅಂತ
ಒಳಕ್ಕೆ, ಹೊರಕ್ಕಲ್ಲ,
ಮುಳುಗಿ ಎದ್ದವರು ಎಳೆದುಕೊಳ್ಳುವಂಥ ಉಸಿರು.
ಚಪ್ಪಟೆಯಾಗಿದ್ದ ಟ್ಯಾಂಕಿನ ಪಕ್ಕೆ ಟಕ್ಕೆಂದು ಉಬ್ಬಿತು.
ಆ ಬಾಟಲಿ, ಆ ಸೂಜಿ!
ನನ್ನ ತಲೆಗೆ ನಾನೇ ಒಂದು ಬಿಟ್ಟುಕೊಂಡೆ.
ಮುಚ್ಚಳ ಸಡಿಲ ಬಿಟ್ಟು, ಚೂಡಿದಾರಕ್ಕೆಲ್ಲ ಪೆಟ್ರೋಲ್ ಸಿಡಿಸಿಕೊಂಡು
ದಡದವರೆಗೂ ಒಂದೇ ಓಟ.

ಗಾಳಿಯ ಕೊಳವೆಯ ಜಾಡು ಹಿಡಿದು ಹೋದರೆ
ಮೂಗಿನ ಕೆಳಗೆ, ಒಳಗೆ ಬಿಡುವ ಹೊರಗೆ ಬಿಡದ
ಚಿಕ್ಕ ವಾಲ್ವು. ಅದರ ಬಾಯಿಗೆ
ನುಣ್ಣಗೆ ಕಲಸಿ ಮೆತ್ತಿದ ಕೆಂಪು ಮಣ್ಣು.
ಕುಂಬಾರ ಹುಳ! ನನಗಿಂತ ಒಳ್ಳೆಯ ಕೆಲಸಗಾರ್ತಿ,
ಒಂದು ತೊಟ್ಟು ಗಾಳಿ ಸೋರಿಲ್ಲ.
ಮುಬೀನಾ ಸ್ಕ್ರೂಡ್ರೈವರಿನಲ್ಲಿ ಇಡಿಯಾಗಿ ಎಬ್ಬಿಸಿದಳು:
ಒಳಗೆ ಮರಗಟ್ಟಿದ ಆರು ಜೇಡ,
ಅವುಗಳ ನಡುವೆ ಅಕ್ಕಿಕಾಳಿನಷ್ಟು ಬಿಳೀ ಮರಿ, ಉಣ್ಣುತ್ತ.

ಹಳೇ ಬಿಲ್ಲು ಹರಿದೆ. ಪೈಪಿನ ದುಡ್ಡು ಮಾತ್ರ ಹಿಡಿದು
ಹೊಸದರಲ್ಲಿ ಬರೆದೆ: ಹುಳದ ಮನೆ ತೆಗೆದದ್ದು, ಐವತ್ತು.
ಕೆರಿಯಪ್ಪ ಎರಡು ಸಲ ಓದಿ ನೂರು ಕೊಟ್ಟ.

ಆ ಮಣ್ಣಿನ ತುಂಡನ್ನು ಒಡೆದ ಕಡೆ ಗ್ರೀಸ್ ಪೇಪರ್ ಮುಚ್ಚಿ
ನಟ್ಟು ಬೋಲ್ಟಿನ ಡಬ್ಬದ ಮೇಲೆ ಇಟ್ಟಿದ್ದಳು ಮುಬೀನಾ.
ನಿನ್ನೆ ನೋಡಿದರೆ ದುಂಡನೆಯ ತೂತು, ಒಳಗೆ ಯಾರೂ ಇಲ್ಲ.

ಕಪಾಟಿನಲ್ಲಿ ಬಾಯಿ ತೆರೆದ ಪೈಪುಗಳು ನೂರಾರಿವೆ.
ಒಂದೊಂದನ್ನೇ ಊದಿ ನೋಡುತ್ತಿದ್ದೇವೆ.